ಮೌಲಾಸಾಬರ ಅಂಗಡಿಯ ಹಿತ್ತಾಳೆ ಜಾಲರಿ

"ಅಂಗಡ್ಯಾಗ ದೊಡ್ಡವ್ರು ಯಾರೂ ಇಲ್ಲೇನ್ರಿ?"

ಜುಲೇಖಾ ತಲೆ ಎತ್ತಲಿಲ್ಲ. "ನಾನಽ ಅದೀನಿ. ಏನ್ ಬೇಕು?"

೧೯೫೫ರ ಬೇಸಿಗೆ. ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಮೌಲಾಸಾಬರ ಮೋಟಾರು ಸಾಮಾನಿನ ಅಂಗಡಿ. ಅವರ ಕಣ್ಣು ಮಂಜಾದ ಮೇಲೆ ವ್ಯಾಪಾರ ಮಗಳದು. ಹುಡುಗಿ ನಟ್ಟು-ಬೋಲ್ಟು ಮಾರುವುದು ಚಿಕ್ಕಪ್ಪ ಇಸ್ಮಾಯಿಲಸಾಬರಿಗೆ ಸೇರುತ್ತಿರಲಿಲ್ಲ. ಒಂದೇ ಒಂದು ದೂರು ಬಂದರೂ ಅಂಗಡಿ ತಮಗೆ ಬಿಡಬೇಕೆಂದು ಅಣ್ಣನಿಂದ ಮಾತು ತೆಗೆದುಕೊಂಡಿದ್ದರು.

ಬಂದವನು ನೇಕಾರ ಬಾಷಾಸಾಬ. ಸೀರೆ ಗಂಟು ಹೊತ್ತು ಊರೂರು ತಿರುಗಲು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಮೋಟಾರ್ ಸೈಕಲ್ ಕೊಂಡಿದ್ದ. ಟ್ಯಾಂಕಿನ ಒಳಗಿನ ಫಿಲ್ಟರ್ ಹರಿದಿತ್ತು.

"ಆ ಲಾರಿ ಫಿಲ್ಟರ್ ಕೊಡ್ರಿ. ದೊಡ್ಡದು ಚಲೋ ಇರ್ತೈತಿ."

"ಲಾರ್‍ಯಾಗ ಪೆಟ್ರೋಲ್ ತಳ್ಳಾಕ ಪಂಪ್ ಇರ್ತೈತ್ರಿ. ನಿಮ್ಮ ಗಾಡ್ಯಾಗ ಪೆಟ್ರೋಲ್ ತಾನಽ ಇಳೀಬೇಕು. ಅದನ್ನ ಹಾಕಿದ್ರ ಗಾಡಿ ನೀವಽ ತಳ್ಳಬೇಕಾಗ್ತೈತಿ."

ಬಾಷಾಸಾಬ ನಕ್ಕುಬಿಟ್ಟ.

ಅವಳು ಹರಿದ ಫಿಲ್ಟರಿನ ಪಕ್ಕ ಎರಡು ಹಿತ್ತಾಳೆ ಜಾಲರಿ ಇಟ್ಟು ಅಳೆದಳು. "ಇದರ ತೂತು ದಪ್ಪ, ತುಕ್ಕು ನುಸುಳತೈತಿ. ಇದರದು ಸಣ್ಣ, ಇದನ್ನ ಹಾಕ್ರಿ. ಪೆಟ್ರೋಲ್ ಸೋಸಿ ಹಾಕ್ರಿ ಮತ್ತ."

ಆಮೇಲೆ ಅವನು ವಾಷರ್ ಬೇಕೆಂದು ಬಂದ. ಮತ್ತೆ ಬಂದ. ಮತ್ತೂ ಬಂದ...

'ಒಂದು ಗಾಡಿಗೆ ಇಷ್ಟು ವಾಷರ್ ಯಾಕ?' ಜುಲೇಖಾ ಅಂದುಕೊಂಡಳು. ಕೇಳಲಿಲ್ಲ. ಅವನು ಬರದ ದಿನ ಮಾತ್ರ ರಸ್ತೆಯ ಸದ್ದಿಗೆಲ್ಲ ಕಿವಿ ನಿಮಿರುತ್ತಿತ್ತು.

ಒಂದು ಬೆಳಿಗ್ಗೆ ಅವನ ಗಾಡಿ ಚಕ್ಕಡಿಯ ಮೇಲೆ ಬಂತು. ಬಾಷಾಸಾಬನ ಮುಖ ಬಿಸಿಲಿಗೂ ಸಿಟ್ಟಿಗೂ ಕೆಂಪಾಗಿತ್ತು.

"ಊರ ಹೊರಗಿನ ಹಳ್ಳದ ಸೇತುವೆ ಮ್ಯಾಲೆ ನಿಂತು ಹೋತು. ನಿಮ್ಮ ಫಿಲ್ಟರ್ ಸರಿ ಇಲ್ಲ."

ಬಸ್ಸಿಗೆ ಕಾದಿದ್ದ ಜನ ಸುತ್ತ ನೆರೆದರು. ಗದ್ದಲ ಕೇಳಿ ಬಂದ ಇಸ್ಮಾಯಿಲಸಾಬರು ಅಂಗಡಿಯೊಳಗೆ ಕೂತಿದ್ದ ಅಣ್ಣನ ಕಡೆ ತಿರುಗಿದರು. "ಕೇಳಿದ್ಯಾ? ಕೊಟ್ಟ ಮಾತು ಐತಿ."

ಮೌಲಾಸಾಬರು ಮಗಳ ಕಡೆ ಕೈ ಚಾಚಿದರು. "ಜುಲೇಖಾ... ಕೀಲಿ ಕೊಡವ್ವಾ."

"ಕೊಡಂಗಿಲ್ಲ ಅಬ್ಬಾ. ಮೊದಲ ಬಿಚ್ಚಿ ನೋಡ್ತೀನಿ."

"ಮಂದಿ ಮುಂದ ಗಾಡಿ ಬಿಚ್ಚತಿಯೇನ?" ಚಿಕ್ಕಪ್ಪ ಗದರಿದರು.

"ದೂರು ಮಂದಿ ಮುಂದಽ ಬಂತಲ್ಲ, ಚಾಚಾ."

ಡಬ್ಬಿಗೆ ಪೆಟ್ರೋಲ್ ಇಳಿಸಿ ಜಾಲರಿ ಹೊರತೆಗೆದಳು. ಅದು ಎಲ್ಲೂ ಹರಿದಿರಲಿಲ್ಲ. ಆದರೆ ಮೈತುಂಬ ಹತ್ತಿಯ ಎಳೆ, ಬಿಳಿ ಪುಡಿ.

"ಪೆಟ್ರೋಲ್ ಯಾವ ಅರಿವ್ಯಾಗ ಸೋಸಿದ್ರಿ?"

"ನಂದಽ ಮಗ್ಗದ್ದು. ಆಗಷ್ಟ ಇಳಿಸಿದ್ದು. ನೀವು ಹೇಳಿದ್ರಿ ಅಂತ, ಚಿಂದಿ ಬ್ಯಾಡ, ಚಲೋ ಅರಿವಿನಽ ಇರಲಿ ಅಂತ..."

"ಗಂಜಿ ತೊಳದಿದ್ರೇನು?"

ಬಾಷಾಸಾಬ ಆ ಬಿಳಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ, ಗಂಜಿಯೇ. ಮಗ್ಗದ ನೂಲಿಗೆ ಗಂಜಿ ಹಾಕುವವರು ಅವನ ಮನೆಯವರೇ.

"ನೇಕಾರಗ ಗಂಜಿ ಮರ್ತಹೋತಲ್ಲೋ," ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ಏನಽ ಆಗಲಿ, ಗಾಡಿ ನಿಂತಿದ್ದು ಖರೇ," ಎಂದರು ಚಿಕ್ಕಪ್ಪ.

"ನಿಲ್ಲಿಸಿದವ ನಾನು," ಬಾಷಾಸಾಬ ಗಟ್ಟಿಯಾಗಿಯೇ ಹೇಳಿದ. "ಫಿಲ್ಟರ್ ತನ್ನ ಕೆಲಸ ಮಾಡೈತಿ. ತಪ್ಪು ನಂದು, ಎಲ್ಲಾರೂ ಕೇಳ್ರಿ."

ಮೌಲಾಸಾಬರು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. "ಕೀಲಿ ನಿನ್ನ ಕಡೇನಽ ಇರಲಿ, ಮಗಳ."

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೂ ಬಾಷಾಸಾಬ ಕಟ್ಟೆಯ ಮೇಲೆ ಕೂತೇ ಇದ್ದ.

"ಸಿಟ್ಟಾಗೀರೇನು?"

"ಹೌದು. ಕೇಳಬಹುದಿತ್ತು. ಒದರಿದ್ರಿ. ನನ್ನ ಅಂಗಡಿ ಹೋಗ್ತಿತ್ತು."

ಅವನು ತಲೆ ತಗ್ಗಿಸಿದ. "ನಂಗ ವಾಷರ್ ಒಂದೂ ಬೇಕಿರಲಿಲ್ಲ, ಜುಲೇಖಾ."

"ಗೊತ್ತೈತಿ. ನೀವು ಒಯ್ದದ್ದು ಒಂದೂ ನಿಮ್ಮ ಗಾಡಿಗೆ ಹೊಂದಂಗಿಲ್ಲ."

"ಗೊತ್ತಿದ್ದೂ ಕೊಟ್ರಿ?"

ಅವಳು ಬಾಗಿಲು ಎಳೆದು ಮೇಲಿನ ಅಗಳಿ ಹಾಕಹೋದಳು, ಅದು ಅರ್ಧಕ್ಕೇ ಸಿಕ್ಕಿಕೊಂಡಿತು.

"ನಿಮ್ಮ ಅಬ್ಬಾನ ಹತ್ರ ಮಾತಾಡಾಕ ನಮ್ಮ ಅಮ್ಮನ್ನ ಕರ್ಕೊಂಡು ಬರ್ಲೇನು?"

"ಬರ್ರಿ. ಆದ್ರ ನಿಕಾಹ್ ಆದ ಮರುದಿನಾನೂ ಈ ಬಾಗಿಲಾ ನಾನಽ ತೆಗೀತೀನಿ. ಚಾಚಾ ಏನಽ ಅನ್ನಲಿ, ಊರು ಏನಽ ಅನ್ನಲಿ. ಇದಕ್ಕ ಒಲ್ಲೆ ಅಂತಿದ್ರ ಈಗಽ ಎದ್ದು ಹೋಗ್ರಿ."

ಬಾಷಾಸಾಬ ಎದ್ದ. ಹೋಗಲಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡಿದ್ದ ಅಗಳಿಯನ್ನು ಹಾಕಿಕೊಟ್ಟ.

"ಮುಂಜಾನಿ ಇದನ್ನ ತೆಗೆಯಾಕ ಬರ್ತೀನಿ. ನಡೀತೈತೇನು?"

"ಲಗೂ ಬರ್ರಿ," ಎಂದಳು ಜುಲೇಖಾ, "ದಾರಿ ನೋಡ್ತಿರ್ತೀನಿ."