ಮೂರು ಸಲ ಕರೆದ ನಂಬರು

ನಿಯಮ ಬರೆದ ಮಹಾರಾಯನ ಅಮ್ಮನಿಗೆ ಉಸಿರು ಕಟ್ಟಿರಲಿಲ್ಲ, ಅಷ್ಟೇ. ಸೋಂಕು ಊರನ್ನೇ ಹಾಸಿಗೆ ಹಿಡಿಸಿದ್ದಾಗ ಆಸ್ಪತ್ರೆಯಲ್ಲಿ ಉಳಿದದ್ದು ಒಂದೇ ಹಾಸಿಗೆ. ಸರದಿ ಹನ್ನೆರಡನೇ ಟೋಕನ್ನಿನದು. ಅವಳ ಅಮ್ಮನದು ಹದಿಮೂರು. ದಾಖಲಾತಿ ಕೌಂಟರಿನಲ್ಲಿ ಒಂಬತ್ತು ವರ್ಷ ಜೀವ ತೇದವಳಿಗೆ ಹೊಟ್ಟೆ ಉರಿಯದೆ ಇದ್ದೀತೆ?

ಅಮ್ಮನನ್ನು ಅವಳ ತಮ್ಮ ಹೊದಿಕೆಯಿಂದ ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ತಂದಿದ್ದ. ಕಿಂಡಿಗೆ ಬಗ್ಗಿ, "ಅಕ್ಕಾ, ಏನಾದ್ರೂ ಮಾಡೇ. ಅಮ್ಮ ಮಾತಾಡ್ತಿಲ್ಲ," ಅಂದ.

"ನಾನಿದೀನಿ. ನೀನು ಅಂಗಳದಲ್ಲಿ ಸುಮ್ನೆ ಕೂತ್ಕೋ."

ಸುಮ್ಮನೆ ಕೂರುವುದು ಹುಟ್ಟಿದಾಗಿನಿಂದ ಅವನಿಗೆ ಬಾರದ ವಿದ್ಯೆ. ಆದರೂ ತಲೆಯಾಡಿಸಿ ಹೋದ.

ಮೈಕಿನಲ್ಲಿ ಮೂರು ಸಲ ಕರೆಯಬೇಕು. ಬರದಿದ್ದರೆ ನಂಬರಿನ ಮೇಲೆ ಕೆಂಪು ಗೆರೆ ಎಳೆಯಬೇಕು. ಗೆರೆ ಬಿದ್ದವರು ಹೊಸ ಟೋಕನ್ ಪಡೆದು ಸರದಿಯ ಬಾಲಕ್ಕೆ ಹೋಗಬೇಕು. ತಕರಾರು ಬಂದರೆ ಮೇಲಿನವರು ಕ್ಯಾಮೆರಾ ನೋಡುತ್ತಾರೆ. ಕ್ಯಾಮೆರಾಗೆ ಕಣ್ಣಿತ್ತು, ಕಿವಿ ಇರಲಿಲ್ಲ. ಮೈಕಿನ ಸ್ವಿಚ್ಚು ಮೇಜಿನ ಕೆಳಗೆ, ಅವಳ ಮೊಣಕಾಲಿನ ಪಕ್ಕದಲ್ಲಿತ್ತು. ಅವಳ ಫೋನು ಲಾಕರಿನಲ್ಲಿತ್ತು, ತಮ್ಮನಿಗೆ ಸುಳಿವು ಕೊಡುವಂತಿರಲಿಲ್ಲ. ಒಳ್ಳೆಯದೇ ಆಯಿತು, ಅವನ ಬಾಯಿ ಭದ್ರವಲ್ಲ.

ಹನ್ನೆರಡನೆಯವರು ಯಾರೋ ಏನೋ. ಅವರಿಗೂ ಮಕ್ಕಳಿರಬಹುದು ಅನ್ನಿಸಿತು. ಹಾಳಾಗಿ ಹೋಗಲಿ, ನನಗಿರುವುದು ಒಬ್ಬಳೇ ಅಮ್ಮ ಎಂದುಕೊಂಡಳು. ಯಾರ ಮುಖವೂ ಕಣ್ಣಿಗೆ ಬೀಳಬಾರದೆಂದು ತಲೆ ಎತ್ತಲೇ ಇಲ್ಲ.

ಸ್ವಿಚ್ಚು ಆರಿಸಿದಳು. ಮೈಕಿಗೆ ಬಗ್ಗಿ, ಮಾಸ್ಕಿನೊಳಗೆ, "ಟೋಕನ್ ಹನ್ನೆರಡು," ಅಂದಳು. ನಿಯಮದಂತೆ ನಡುವೆ ನಿಮಿಷ ಬಿಟ್ಟು ಎರಡನೇ ಸಲ, ಮೂರನೇ ಸಲ. ಕೆಂಪು ಗೆರೆ ಎಳೆದು ಸಮಯ ಬರೆದಳು. ಆಮೇಲೆ ಸ್ವಿಚ್ಚು ಹಾಕಿ, "ಟೋಕನ್ ಹದಿಮೂರು," ಎಂದಾಗ ಧ್ವನಿ ಅಂಗಳದ ತುಂಬ ಕೇಳಿಸಿತು.

ಕಿಂಡಿಯಲ್ಲಿ ತೂರಿಬಂದ ಕೈ ತಮ್ಮನದಲ್ಲ. ನಡುವಯಸ್ಸಿನವರೊಬ್ಬರು ಹದಿಮೂರರ ಚೀಟಿಯಿಟ್ಟು, ಅದರ ಪಕ್ಕ ಒಂದು ಬೈಕ್ ಕೀಲಿಯನ್ನೂ ಇಟ್ಟರು. ಅದರ ನೀಲಿ ದಾರವನ್ನು ಹೆಣೆದುಕೊಟ್ಟವಳು ಅವಳೇ. "ನಮ್ದು ಹನ್ನೆರಡಿತ್ತಮ್ಮ. ಆ ಹುಡುಗ ಕಾಲು ಹಿಡ್ಕೊಂಡ. ಅವನ ತಾಯಿ ಕಣ್ಣೇ ಬಿಡ್ತಿರ್ಲಿಲ್ಲ. ನನ್ನ ಹೆಂಡ್ತಿ ಇನ್ನೊಂದು ಗಳಿಗೆ ತಡ್ಕೋತಾಳೆ ಅಂತ ಚೀಟಿ ಬದಲಾಯಿಸ್ಕೊಂಡೆ. ಬೇಡ ಅಂದ್ರೂ ಕೀಲಿ ಕೈಗೆ ತುರುಕಿದ, ಅವನಿಗೇ ಕೊಟ್ಬಿಡಿ," ಅಂದರು. ಆಮೇಲೆ ಗಾಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಅವ್ರು ಇನ್ನೂ ಅಲ್ಲೇ ಕಾಯ್ತಿದಾರೆ. ಹನ್ನೆರಡನ್ನ ಯಾಕಮ್ಮ ಕರೀಲೇ ಇಲ್ಲ?"