ರಾಗಿ ಡ್ರಮ್ಮಿನೊಳಗಿನ ದಾಳಿಂಬೆ

ಮೂರನೆಯ ದಾಳಿಂಬೆಯೂ ರಾಗಿಯೊಳಗೆ ಮುಳುಗಿತು. ನಯನಾ ಅದರ ಮೇಲೆ ಇನ್ನಷ್ಟು ರಾಗಿ ಎಳೆದು, ಡ್ರಮ್ಮಿನ ಮುಚ್ಚಳ ಹಾಕಿ, ಏನೂ ಗೊತ್ತಿಲ್ಲದವಳ ಹಾಗೆ ಅಡುಗೆಮನೆಯಿಂದ ಹೊರಗೆ ಬಂದಳು. ಮೊಣಕೈವರೆಗೂ ದೂಳು ಮೆತ್ತಿತ್ತು. ಅದನ್ನು ಫ್ರಾಕಿಗೆ ಒರೆಸಿಕೊಂಡಳು.

ಹಣ್ಣು ತಂದವರು ಸೋಲೂರಜ್ಜಿ, ಅಂದರೆ ಅಮ್ಮನ ಅಮ್ಮ ಶಿವಲಿಂಗಮ್ಮ. ಬೆಳಗ್ಗೆಯೇ ಸೋಲೂರು ಬಿಟ್ಟು, ಮಾಗಡಿಯಲ್ಲಿ ಒಂದು ಸಲ, ರಾಮನಗರದಲ್ಲಿ ಒಂದು ಸಲ ಬಸ್ಸು ಬದಲಾಯಿಸಿ, ಊಟದ ಹೊತ್ತಿಗೆ ಚನ್ನಪಟ್ಟಣದ ಇವರ ಮನೆ ಸೇರಿದ್ದರು. ಬಂದವರೇ ಚೀಲವನ್ನು ನಯನಾಳ ಕೈಗೆ ಕೊಟ್ಟು, “ಒಳಗಿಡು ಮಗಾ. ದಾಳಿಂಬ್ರೆ ಐತೆ, ನಿಮ್ಮಮ್ಮಂಗೆ. ಒಳ್ಳೆ ರಕ್ತ ಆಯ್ತದೆ” ಎಂದಿದ್ದರು.

ಅಮ್ಮನ ಹೊಟ್ಟೆಯಲ್ಲಿ ಪಾಪು ಇತ್ತು. ನಾಳೆ ಭಾನುವಾರ ಅಜ್ಜಿ ಅಮ್ಮನನ್ನು ಹೆರಿಗೆಗೆ ಸೋಲೂರಿಗೆ ಕರೆದುಕೊಂಡು ಹೋಗುತ್ತಾರೆ. ಪಾಪು ಹುಟ್ಟಿ, ಬಾಣಂತನ ಮುಗಿದು, ಅಮ್ಮ ವಾಪಸ್ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. ಅಲ್ಲಿಯವರೆಗೆ ಅತ್ತೆ ಬಂದು ಅಡುಗೆ ನೋಡಿಕೊಳ್ಳುತ್ತಾರೆ, ನಯನಾಳ ತಲೆ ಬಾಚುತ್ತಾರೆ ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ನಯನಾಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಹಣ್ಣು ಬಚ್ಚಿಡುವ ಐಡಿಯಾ ಬಂದದ್ದು ಮಾತ್ರ ಸ್ಕೂಲಿನಿಂದ. ಜ್ಯೋತಿಲಕ್ಷ್ಮಿ ಮಿಸ್ ಐದನೇ ಕ್ಲಾಸಿಗೆ ದೇಶದೇಶಗಳ ಪುರಾಣದ ಪ್ರಾಜೆಕ್ಟ್ ಕೊಟ್ಟಿದ್ದರು. ಚೀಟಿ ಎತ್ತಿದಾಗ ಆಫ್ತಾಬನಿಗೆ ಈಜಿಪ್ಟ್ ಬಂತು. ಅಲ್ಲಿಯ ಸೂರ್ಯದೇವರು ರಾತ್ರಿಯೆಲ್ಲ ದೋಣಿಯಲ್ಲಿ ಹೋಗುತ್ತಾನಂತೆ. ಇನ್ನೊಬ್ಬಳಿಗೆ ಚೀನಾ ಬಂತು. ಅಲ್ಲಿ ಲೋಕವೆಲ್ಲ ಮೊದಲು ಒಂದು ಮೊಟ್ಟೆಯೊಳಗಿತ್ತಂತೆ. ನಯನಾಗೆ ಗ್ರೀಸ್ ಬಂತು.

ಗ್ರೀಸ್‌ನಲ್ಲಿ ಬೆಳೆ ಬೆಳೆಸುವ ದೇವತೆ ಡಿಮೀಟರ್. ಅವಳ ಮಗಳನ್ನು ಪಾತಾಳದ ರಾಜ ಹೊತ್ತುಕೊಂಡು ಹೋಗುತ್ತಾನೆ. ತಾಯಿಯ ದುಃಖಕ್ಕೆ ಭೂಮಿಯ ಮೇಲೆ ಒಂದು ಪೈರೂ ಮೊಳೆಯುವುದಿಲ್ಲ. ಕೊನೆಗೆ ಮಗಳನ್ನು ಕಳಿಸಿಕೊಡಲು ರಾಜ ಒಪ್ಪುತ್ತಾನೆ. ಆದರೆ ಅಷ್ಟರಲ್ಲಿ ಅವಳು ಪಾತಾಳದ ದಾಳಿಂಬೆ ತಿಂದುಬಿಟ್ಟಿರುತ್ತಾಳೆ. ಎಷ್ಟು ಕಾಳು ತಿಂದಳೋ, ವರ್ಷಕ್ಕೆ ಅಷ್ಟು ತಿಂಗಳು ಅವಳು ಅಲ್ಲೇ ಇರಬೇಕು.

ಸೋಲೂರಿನ ಮೂರು ದಾಳಿಂಬೆಯಲ್ಲಿ ಎಷ್ಟು ಕಾಳು ಇರಬಹುದು? ಅಮ್ಮ ಅಷ್ಟನ್ನೂ ತಿಂದರೆ ಅಷ್ಟು ತಿಂಗಳು ಅಲ್ಲೇ ಇರಬೇಕಾಗುತ್ತದಲ್ಲ!

ಅದು ಬರೀ ಕತೆ ಎಂದು ಅವಳಿಗೆ ಗೊತ್ತಿಲ್ಲದೆ ಏನಲ್ಲ. ಅವಳೇನು ಯುಕೆಜಿ ಮಗುವೇ? ಆದರೆ ಹಲ್ಲಿ ಲೊಚಗುಟ್ಟಿದರೆ ಅಮ್ಮ ಕೂಡ ನೆಲ ಕುಟ್ಟಿ “ಕೃಷ್ಣ ಕೃಷ್ಣ” ಅನ್ನುತ್ತಾಳೆ. ಹುಷಾರಾಗಿದ್ದರೆ ನಷ್ಟವೇನಿಲ್ಲ.

ಸಂಜೆ ಅಜ್ಜಿ ಚೀಲವನ್ನೆಲ್ಲ ತಡಕಿದರು. ಹಣ್ಣು ಸಿಗಲಿಲ್ಲ. ಮಾಗಡಿಯಲ್ಲಿ ಬಸ್ಸು ಹತ್ತುವ ನೂಕಾಟದಲ್ಲಿ ಬಿದ್ದುಹೋಗಿರಬೇಕು ಎಂದುಕೊಂಡರು. ಹೋಗಲಿ ಬಿಡಮ್ಮ, ಇಲ್ಲೇ ತಂದರಾಯಿತು ಎಂದು ಅಮ್ಮ ಸಮಾಧಾನ ಮಾಡಿದರೂ ಅಜ್ಜಿಯ ಮುಖ ಸಣ್ಣದೇ ಆಗಿತ್ತು.

“ನಿನ್ ಮದ್ವೆ ಆದ ವರ್ಸ ಹಾಕಿದ ಗಿಡ ಕಣವ್ವ. ಈ ಕಿತ ಮೂರೇ ಕಾಯಿ ನಿಂತಿದ್ದೊ.”

ನಯನಾ ಅಡುಗೆಮನೆಯ ಕಡೆ ನೋಡದೆ ಕೂತಳು.

ದೀಪ ಹಚ್ಚಿದ ಮೇಲೆ ಅಮ್ಮ ಅವಳನ್ನು ಕರೆದಳು. ಸೋಮವಾರ ಕ್ಲಾಸಿನಲ್ಲಿ ಹೇಳಬೇಕಾದ ಕತೆಯನ್ನು ಈಗಲೇ ಒಂದು ಸಲ ಹೇಳು, ಆಮೇಲೆ ಕೇಳುವುದಕ್ಕೆ ನಾನಿರುವುದಿಲ್ಲವಲ್ಲ ಎಂದಳು. ನಯನಾ ಮಿಸ್ ಕೊಟ್ಟ ಹಾಳೆ ಹಿಡಿದು ನಿಂತು ಹೇಳತೊಡಗಿದಳು. ಅಜ್ಜಿ ಚಾಪೆಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದರು. ಪೈರು ಮೊಳೆಯದೆ ಹೋದ ಕಡೆ ಬಂದಾಗ ಅವರ ಕೈ ನಿಂತಿತು. ಕತೆ ಮುಗಿದ ಮೇಲೆ ತಲೆ ಎತ್ತಿ ಕೇಳಿದರು.

“ಮಗ್ಳು ಬತ್ತಾಳೆ ಅಂದಾಗ, ಆ ತಾಯಿ ಏನ್ ಅಡ್ಗೆ ಮಾಡಿದ್ಲಂತೆ ಮಗಾ?”

ನಯನಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಅದರಲ್ಲಿ ಅಡುಗೆಯ ಸುದ್ದಿಯೇ ಇರಲಿಲ್ಲ.

“ಮಾಡೇ ಇರ್ತಾಳೆ,” ಎಂದರು ಅಜ್ಜಿ. “ನಿಮ್ಮಮ್ಮ ಬತ್ತಾಳೆ ಅಂದ್ರೆ, ಬಸ್ಸು ಬರಾಕೆ ಇನ್ನೂ ಒಂದ್ ಗಂಟೆ ಇರಂಗೇ ನಾನು ಸ್ಟಾಪ್‌ತಾವ ಹೋಗಿ ಕೂತ್ಕತೀನಿ. ಬಂದ್ರೂ ಎಲ್ಡೇ ದಿನ. ಮಗೀಗೆ ಸ್ಕೂಲೈತೆ ಅಂತ ಹೊಂಟ್ಬುಡ್ತಾಳೆ. ಈ ಕಿತ ಒಸಿ ದಿನ ಇರ್ತಾಳಲ್ಲ ಅಂತ, ರೂಮ್ಗೆ ಸುಣ್ಣ ಹೊಡ್ಸಿವ್ನಿ.”

ನಯನಾ ಹಾಳೆ ನೋಡಿದಳು. ಅಜ್ಜಿಯನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು. ಇಷ್ಟು ದಿನ ಅಳುವ ತಾಯಿಯ ಜಾಗದಲ್ಲಿ ತನ್ನನ್ನೇ ಇಟ್ಟುಕೊಂಡಿದ್ದಳು. ಸೋಲೂರೇ ಪಾತಾಳ ಎಂದುಕೊಂಡಿದ್ದಳು. ಆದರೆ ಕತೆಯಲ್ಲಿ ಮಗಳಿಗಾಗಿ ಕಾಯುವವಳು ಅಮ್ಮ ತಾನೇ?

ಹಾಗಾದರೆ ಚನ್ನಪಟ್ಟಣದ ಈ ಮನೆಯೇ ಪಾತಾಳವೇ? ಅಪ್ಪನೇ ಪಾತಾಳದ ರಾಜನೇ? ಬಿಡದಿಯ ಫ್ಯಾಕ್ಟರಿಯಿಂದ ಬಂದು, ಬನಿಯನ್ ಹಾಕಿಕೊಂಡು, ಟಿವಿ ಮುಂದೆ ಪುರಿ ಮೆಲ್ಲುತ್ತಿದ್ದ ಅಪ್ಪ ಯಾರನ್ನೂ ಹೊತ್ತುಕೊಂಡು ಬಂದವನ ಹಾಗೆ ಕಾಣಲಿಲ್ಲ. ಆದರೂ ಅಮ್ಮ ಇಲ್ಲಿದ್ದಾಗಲೆಲ್ಲ ಅಜ್ಜಿ ಅಲ್ಲಿ ಒಬ್ಬರೇ ಆ ಗಿಡಕ್ಕೆ ನೀರು ಹಾಕುತ್ತಿದ್ದರು.

ನಯನಾ ಎದ್ದು ಅಡುಗೆಮನೆಗೆ ಹೋದಳು. ಡ್ರಮ್ಮಿನ ಮುಚ್ಚಳ ಸದ್ದಾಯಿತು. ಮೂರು ಹಣ್ಣನ್ನೂ ಫ್ರಾಕಿನ ಮಡಿಲಲ್ಲಿ ತುಂಬಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟಳು. ಚಾಪೆಯ ತುಂಬ ರಾಗಿ ಉದುರಿತು. ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತಳು.

ಅಜ್ಜಿ ಹಣ್ಣನ್ನು ಸೆರಗಿನಿಂದ ಒರೆಸಿ, ಒಂದನ್ನು ಬಿಡಿಸಿ, ಕೆಂಪು ಕಾಳನ್ನೆಲ್ಲ ಬಟ್ಟಲಿಗೆ ಹಾಕಿ ನಯನಾಳ ಕೈಗೇ ಕೊಟ್ಟರು. ನಯನಾ ಬಟ್ಟಲನ್ನು ಅಮ್ಮನ ಹತ್ತಿರ ಒಯ್ದಳು.

ಅಮ್ಮ ಬಟ್ಟಲು ನೋಡಿದಳು, ಮಗಳ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

“ಎಷ್ಟು ತಿನ್ಲಿ ಕಂದಾ?” ಎಂದು ಮೆಲ್ಲಗೆ ಕೇಳಿದಳು.

ನಯನಾ ಎಣಿಸಲು ಬೆರಳಿಟ್ಟಳು. ಒಂದು, ಎರಡು ಎಂದವಳು ಅಜ್ಜಿಯ ಕಡೆ ತಿರುಗಿ ನೋಡಿದಳು. ಸೊಪ್ಪು ಸೋಸುವವರ ಹಾಗೆ ತಲೆ ಬಗ್ಗಿಸಿದ್ದರೂ ಅಜ್ಜಿಯ ಕೈ ಆಡುತ್ತಿರಲಿಲ್ಲ.

ನಯನಾ ಎಣಿಸುವುದನ್ನು ಬಿಟ್ಟಳು. ಅಮ್ಮನ ಬೊಗಸೆಗೆ ಬಟ್ಟಲನ್ನು ಪೂರ್ತಿ ಸುರಿದಳು.

“ತಿನ್ನಮ್ಮ. ಅಜ್ಜಿ ತಂದಿರೋದು.”

ಕಣ್ಣು ತುಂಬಿ ಬಂತು, ಒರೆಸಿಕೊಂಡಳು. ಅಜ್ಜಿ ಅವಳನ್ನು ಹತ್ತಿರ ಎಳೆದುಕೊಂಡು, ಚಾಪೆಯ ಮೇಲೆ ಸಿಡಿದಿದ್ದ ನಾಲ್ಕಾರು ಕೆಂಪು ಕಾಳನ್ನು ಆರಿಸಿ ಅವಳ ಅಂಗೈಯಲ್ಲಿಟ್ಟರು.

“ನೀನೂ ತಿನ್ನು ಮಗಾ. ದಸರಾ ರಜಕ್ಕೆ ಬರಬೇಕಲ್ಲ.”

ನಯನಾ ಅಜ್ಜಿಯ ಮಡಿಲಿಗೆ ಒರಗಿ ಒಂದೊಂದೇ ಕಾಳನ್ನು ನಿಧಾನವಾಗಿ ತಿಂದಳು.