ಬಾಡಿಗೆ ಮನೆಯ ಗಂಟೆ

ಗೇಟಿನ ಪಕ್ಕದ ಹಲಗೆ ಬೋಳಾಗಿತ್ತು. ಎರಡು ಸ್ಕ್ರೂಗಳು ಮಾತ್ರ ತಮ್ಮ ತೂತುಗಳಲ್ಲಿ ನೆಟ್ಟಗೆ ಕೂತಿದ್ದವು. ಹಿತ್ತಾಳೆಯ ಗಂಟೆ ಮಾಯ!

ಪ್ರವಾಸ ನಡೆಸುವ ಗೈಡಮ್ಮ ಗಕ್ಕನೆ ನಿಂತಳು. ಬೆನ್ನ ಹಿಂದೆ ಒಂದು ಬಸ್ಸು ತುಂಬ ಅಭಿಮಾನಿಗಳು, ಎಲ್ಲರ ಕೈಯಲ್ಲೂ ಮೊಬೈಲು. ಒಂದು ಕಾಲಕ್ಕೆ ಮನೆಮಂದಿಯನ್ನೆಲ್ಲ ಟೀವಿ ಮುಂದೆ ಕಟ್ಟಿಹಾಕಿದ್ದ ಹಾಸ್ಯ ಧಾರಾವಾಹಿ ಚಿತ್ರೀಕರಣವಾದದ್ದು ಇದೇ ಮನೆಯಲ್ಲಿ. ಪ್ರತಿ ಕಂತಿನಲ್ಲೂ ಯಾರೋ ಒಬ್ಬರು ಬಾಡಿಗೆ ಮನೆ ಕೇಳಿಕೊಂಡು ಬಂದು ಆ ಗಂಟೆ ಬಾರಿಸುತ್ತಿದ್ದರು. ಸಿಡುಕು ಮೋರೆಯ ಮಾಲೀಕ ಬಾಗಿಲು ತೆರೆದು, “ಮನೆ ಖಾಲಿ ಇದೆ, ತಲೆ ಖಾಲಿ ಇಲ್ಲ. ಮುಂದೆ ಹೋಗಿ!” ಎನ್ನುತ್ತಿದ್ದ. ಆ ಪಾತ್ರ ಮಾಡಿದವರು ಗೈಡಮ್ಮನ ಅಪ್ಪ. ಈಗಲೂ ಪ್ರವಾಸದ ಕೊನೆಗೆ ಗಂಟೆ ಬಾರಿಸಿದರೆ ಅವರೇ ಹೊರಬಂದು ಆ ಮಾತು ಹೇಳುತ್ತಾರೆ.

ಈಚೆಗೆ ಅಪ್ಪನಿಗೆ ಉಂಡದ್ದು ನೆನಪಿರುವುದಿಲ್ಲ, ತಿರುಗಿಸಿದ ನಲ್ಲಿ ನಿಲ್ಲಿಸುವುದು ನೆನಪಿರುವುದಿಲ್ಲ. ಗಂಟೆ ಕೇಳಿದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ, ಹುಬ್ಬು ಮೇಲೇರುತ್ತದೆ. ಒಮ್ಮೆ ಅದರ ಹಗ್ಗ ಕಿತ್ತುಹೋಗಿ ಜನ ಚಪ್ಪಾಳೆ ತಟ್ಟಿ ಕರೆದಾಗ ಅವರು ಒಳಗೇ ಪೆಚ್ಚಾಗಿ ಕೂತುಬಿಟ್ಟಿದ್ದರು. ಆ ಗಂಟೆ ಹೋದರೆ ಅಪ್ಪನೇ ಕೈತಪ್ಪಿ ಹೋದ ಹಾಗೆ ಎಂದು ಮಗಳು ನಂಬಿಕೊಂಡಿದ್ದಳು.

“ಯಾರು ತೆಗೆದದ್ದು? ಈಗಲೇ ಹೇಳಿಬಿಡಿ!” ಅವಳು ಜನರತ್ತ ತಿರುಗಿದಳು.

“ನನ್ನ ಕಡೆ ನೋಡಬೇಡಿ,” ಎಂದರು ಗೇಟಿನೊಳಗೆ ನಿಂತಿದ್ದ ಮನೆಯೊಡತಿ. “ಬೆಳಿಗ್ಗೆ ನಾನೇ ಅದನ್ನ ತಿಕ್ಕಿ ಹೊಳಪು ಮಾಡಿದ್ದೆ. ಸಾಕಪ್ಪಾ ನಿಮ್ಮ ಸಹವಾಸ! ಇವತ್ತು ಗಂಟೆ ಸಿಗಲಿಲ್ಲ ಅಂದ್ರೆ ನಾಳೆಯಿಂದ ಗೇಟಿಗೆ ಬೀಗ.”

“ನೀವೆಲ್ಲ ಟೀ ಕುಡಿಯೋಕೆ ಹೋದಾಗಲೇ ಆಗಿದೆ ಇದು,” ಎಂದ ಡ್ರೈವರ್, ತಲೆ ಕೆರೆದುಕೊಳ್ಳುತ್ತ. “ನನ್ನ ಸೀಟಿನ ಕೆಳಗಿನ ಡಬ್ಬೀಲಿ ಸ್ಕ್ರೂಡ್ರೈವರೂ ಕಾಣಿಸ್ತಿಲ್ಲ.”

ಟೀ ಅಂಗಡಿಯಿಂದ ನಡುವೆ ಎದ್ದುಹೋದವನು ಒಬ್ಬನೇ—ಧಾರಾವಾಹಿಯ ಮಾಲೀಕನದ್ದೇ ಥರದ ಟೋಪಿ ಹಾಕಿಕೊಂಡು ಪ್ರತಿ ಪ್ರವಾಸಕ್ಕೂ ಹಾಜರಾಗುವ ಟೋಪಿರಾಯ. ಗೈಡಮ್ಮ ಹಿಂದೆಮುಂದೆ ನೋಡದೆ ಅವನ ಚೀಲ ಕಿತ್ತುಕೊಂಡು ನೆಲದ ಮೇಲೆ ಸುರಿದಳು. ಮಾತ್ರೆ ಡಬ್ಬಿ, ಮಡಿಚಿದ ಕರವಸ್ತ್ರ, ಧಾರಾವಾಹಿಯ ಹಳೇ ಪೋಸ್ಟರು. ಗಂಟೆ ಇಲ್ಲ.

“ನಮ್ಮ ಮನೆಯವಳು ಹೋದ್ಮೇಲೆ ನನ್ನನ್ನ ನಗಿಸಿದ್ದು ಇದೊಂದೇ, ಗೈಡಮ್ಮ,” ಎಂದ ಅವನು ಮೆಲ್ಲಗೆ. “ಅದನ್ನ ನಾನು ಕದೀತೀನಾ?”

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಬಾಯಿಂದ ಬಂದದ್ದು ಬೇರೆಯೇ—“ಪೊಲೀಸರನ್ನೇ ಕರೀತೀನಿ!”

“ಕರೆಯೋದು ಬೇಡ, ಒಬ್ಬಳು ಇಲ್ಲೇ ಇದ್ದೀನಿ.”

ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು ಮಂಡಿ ಹಿಡಿದುಕೊಂಡು ಎದ್ದರು. ನಿವೃತ್ತ ಇನ್‌ಸ್ಪೆಕ್ಟರಮ್ಮ. ಧಾರಾವಾಹಿಯ ಹುಚ್ಚು ಹಿಡಿದ ಗಂಡನ ಒತ್ತಾಯಕ್ಕೆ ಬಂದವರು. ಅದನ್ನು ನೋಡಿ ತನಗೆ ಒಂದು ಸಲವೂ ನಗು ಬಂದಿಲ್ಲವೆಂದು ದಾರಿಯುದ್ದಕ್ಕೂ ಸಾರಿಕೊಂಡು ಬಂದಿದ್ದರು. ಹಲಗೆಯ ಮುಂದೆ ನಿಂತು, ಸ್ಕ್ರೂಗಳನ್ನು ಬೆರಳಿಂದ ಮುಟ್ಟಿ ನೋಡಿ, ಗೈಡಮ್ಮನನ್ನು ಕಾಂಪೌಂಡಿನ ಮೂಲೆಗೆ ಕರೆದೊಯ್ದರು.

“ನಿಮ್ಮ ತಂದೆ ಬಸ್ಸಲ್ಲಿ ಎಲ್ಲಿ ಕೂರ್ತಾರೆ?”

“ಡ್ರೈವರ್ ಹಿಂದಿನ ಸೀಟು. ಯಾಕೆ?”

“ಟೀ ಕುಡಿಯೋವಾಗ ಎಲ್ಲಿದ್ರು?”

“ಅವರು ಟೀಗೆ ಬರಲ್ಲ. ಡ್ರೈವರ್ ಮೊದಲೇ ಇಲ್ಲಿ ಇಳಿಸಿಬಿಡ್ತಾನೆ. ವೇಷ ಹಾಕ್ಕೊಂಡು ಒಳಗೆ ಕಾಯ್ತಾರೆ.”

“ಹೋದ ಪ್ರವಾಸದಲ್ಲಿ ಏನಾದ್ರೂ ಹೊಸದು ನಡೀತಾ?”

“ಏನಿಲ್ಲ... ಅಪ್ಪ ಬಾಗಿಲು ತೆರೆದು ತುಂಬಾ ಹೊತ್ತು ಸುಮ್ನೆ ನಿಂತ್ರು. ಒಬ್ಬೊಬ್ಬರ ಮುಖಾನೂ ನೋಡಿದ್ರು. ಜನ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪನ ಹೊಸ ಕುಚೇಷ್ಟೆ ಅಂತ...”

“ಅದು ನಟನೆ ಅಂತ ನಿಮಗೆ ಯಾರು ಹೇಳಿದ್ರು?”

ಗೈಡಮ್ಮ ಮನೆಯ ಬಾಗಿಲ ಕಡೆ ತಿರುಗಿದಳು.

“ಕದ್ದು ಓಡೋನು ಗಂಟೆ ಬಿಚ್ಚಿಕೊಂಡು ಸ್ಕ್ರೂ ಬಿಸಾಕ್ತಾನೆ, ಇಲ್ಲಾ ಜೇಬಿಗೆ ಹಾಕ್ಕೋತಾನೆ,” ಎಂದರು ಇನ್‌ಸ್ಪೆಕ್ಟರಮ್ಮ. “ಇಲ್ಲಿ ನೋಡಿದ್ರೆ ಎರಡನ್ನೂ ತಿರುಗಾ ತೂತಿಗೆ ಹಾಕಿ ಬಿಗಿ ಮಾಡಿದ್ದಾರೆ. ನೀವೇ ಇವತ್ತು ಮೈಕಿನಲ್ಲಿ ಹೇಳಿದ್ರಲ್ಲ? ಬೀದಿ ಮಕ್ಕಳು ಬಾರಿಸ್ತಾರೆ ಅಂತ ದಿನಾ ಶೂಟಿಂಗ್ ಮುಗಿದ್ಮೇಲೆ ಗಂಟೆ ಬಿಚ್ಚಿಡ್ತಿದ್ರು. ಮಾರನೇ ದಿನ ಕ್ಯಾಮೆರಾಗೆ ಅದೇ ಜಾಗದಲ್ಲಿ ಕಾಣಬೇಕು ಅಂತ ಸ್ಕ್ರೂ ಮಾತ್ರ ಅಲ್ಲೇ ತಿರುಗಿಸಿಡ್ತಿದ್ರು. ಯಾರು ಮಾಡ್ತಿದ್ರು ಈ ಕೆಲಸ?”

ಬಸ್ಸಿನಲ್ಲಿ ಅವಳು ಪ್ರತಿ ಸಲ ಹೇಳುವ ಕಥೆ. “ನಿರ್ದೇಶಕರ ಸ್ಕ್ರೂ ಲೂಸು, ಗಂಟೆಯದ್ದು ಮಾತ್ರ ಬಿಗಿ” ಎಂದು ಅಪ್ಪ ಕೊನೆಗೊಂದು ಚಟಾಕಿ ಸೇರಿಸುತ್ತಿದ್ದರು. ಇವತ್ತು ಸೇರಿಸಿರಲಿಲ್ಲ. ಅವಳು ಅದನ್ನೂ ಗಮನಿಸಿರಲಿಲ್ಲ.

“ಅಪ್ಪ,” ಎಂದಳು.

“ಕೈಗೆ ನೆನಪಿದೆ. ಉಳಿದದ್ದು ಹೋಗ್ತಿದೆ. ಒಳಗೆ ಹೋಗಿ, ತಾಯಿ. ಕಳ್ಳ ಅಂತ ನಾನು ಯಾರ ಹೆಸರನ್ನೂ ಹೇಳಲ್ಲ.”

ಅವಳು ಮೊದಲು ಜನರ ಕಡೆ ಹೋದಳು. “ಗಂಟೆ ಬಿಚ್ಚಿಟ್ಟಿದ್ದು ನಾನೇ. ಮರೆತಿದ್ದೆ,” ಎಂದಳು. ನೆಲದ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿ ಟೋಪಿರಾಯನ ಕೈಗೆ ಕೊಟ್ಟಳು. “ಕ್ಷಮಿಸಿ. ಇವತ್ತು ಅವರು ಹೊರಗೆ ಬರಲ್ಲ. ಇನ್ನು ಮುಂದೆಯೂ ಬರಲ್ಲ.” ಟೋಪಿರಾಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹಜಾರದಲ್ಲಿ ಅಪ್ಪ ಮಾಲೀಕನ ಕೋಟು ತೊಟ್ಟು ಕೂತಿದ್ದರು. ಮಡಿಲಲ್ಲಿ ಮಫ್ಲರ್ ಸುತ್ತಿದ ಗಂಟೆ. ಸದ್ದಾಗದಂತೆ ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು.

“ಅಪ್ಪಾ, ಕೊಡಿಲ್ಲಿ.”

“ಶ್! ಇದು ಬಾರಿಸಿದ್ರೆ ನಾನು ಹೊರಗೆ ಹೋಗ್ಬೇಕು. ಹೋಗಿ ಏನು ಹೇಳ್ಬೇಕೋ ಗೊತ್ತಿಲ್ಲ. ಎಲ್ಲಾ ನಗ್ತಾರೆ.”

ಅವಳಿಗೆ ಅಳು ಉಕ್ಕಿ ಬಂತು. ಅವರು ಅವಳನ್ನು ಅಪರಿಚಿತರನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದರು.

“ನೀವೂ ನಮ್ಮ ಧಾರಾವಾಹಿಯವರಾ? ಯಾವ ಪಾತ್ರ?”

“ಮಗಳು.”

“ನನಗೆ ಅದರಲ್ಲಿ ಮಗಳಿರಲಿಲ್ಲವಲ್ಲ!”

“ಈಗ ಹೊಸದಾಗಿ ಸೇರಿಸಿದ್ದಾರೆ.”

ಅಪ್ಪ ಅವಳ ಕಡೆ ತಿರುಗಿ ಕೂತರು. ಮುಷ್ಟಿ ಮೆಲ್ಲಗೆ ಸಡಿಲಾಯಿತು.

“ಹಾಗಾದ್ರೆ ನನ್ನ ಮಾತು ಏನು ಅಂತ ನೀವೇ ಹೇಳಿಕೊಡಬೇಕು,” ಎಂದರು.

ಗಂಟೆಯನ್ನು ಅವರ ಮಡಿಲಲ್ಲೇ ಬಿಟ್ಟು, ಅವಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.